ರೊಟ್ಟಿ ಸಕ್ಕರೆಯಾಗುವ ಬಗೆ



ಗಡಹಿಂಗ್ಲಜದ ಸಂತೆಯಲ್ಲಾಗಲಿ, ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಾಗಲಿ, ಅರವತ್ತು ದಾಟಿದ ನಾಲ್ಕು ಜನ ಕೂಡಿದರೆ ಮಾತು ಮಳೆ ಬೆಳೆಯಿಂದ ಆರಂಭವಾಗಿ ಸಕ್ಕರೆ ಕಾಯಿಲೆಗೆ ಬಂದು ನಿಲ್ಲುತ್ತದೆ. ಆಗ ಒಬ್ಬರು ತಪ್ಪದೆ ಕೇಳುತ್ತಾರೆ: "ಡಾಕ್ಟರು ಸಕ್ರಿ ಬ್ಯಾಡ ಅಂದಾರ. ಬೆಲ್ಲ ನಡೀತೈತಲ್ರಿ?" ಇನ್ನೊಬ್ಬರು ಹೇಳುತ್ತಾರೆ: "ನಾ ಸಕ್ರಿ ಮುಟ್ಟೂದ ಇಲ್ಲ. ಬರೇ ರೊಟ್ಟಿ, ಅನ್ನ. ಆದ್ರೂ ರಕ್ತದಾಗ ಸಕ್ರಿ ಏರತೈತಿ. ಎಲ್ಲಿಂದ ಬರತೈತಿ ಇದು?"

ಈ ಎರಡನೆಯ ಪ್ರಶ್ನೆ ಸಣ್ಣದಲ್ಲ. ತಿಂದ ರೊಟ್ಟಿ ಹೊಟ್ಟೆಯಲ್ಲಿ ಹೇಗೆ ಸಕ್ಕರೆಯಾಗುತ್ತದೆ, ಆ ಸಕ್ಕರೆ ಕರುಳಿನ ಗೋಡೆ ದಾಟಿ ನೆತ್ತರಿಗೆ ಹೇಗೆ ಸೇರುತ್ತದೆ ಎಂಬುದನ್ನು ಅರಿಯಲು ವಿಜ್ಞಾನಿಗಳಿಗೆ ಸರಿಸುಮಾರು ನೂರೈವತ್ತು ವರುಷ ಬೇಕಾದವು. ಆ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಾನು ಡಾಕ್ಟರನಲ್ಲ, ಪ್ರಾಧ್ಯಾಪಕನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಿವೃತ್ತನಾದವನು. ಆದರೆ ಈ ವಿಷಯಕ್ಕೆ ನಮ್ಮ ಭಾಗದ ಜನ ಹೊರಗಿನವರಲ್ಲ. ಇಚಲಕರಂಜಿಯ ನೇಕಾರರು ದಿನವೂ ಕೈಯಾಡಿಸುವ ಗಂಜಿ, ಕೊಲ್ಹಾಪುರದ ಗಾಣದವರು ಕುದಿಸುವ ಕಬ್ಬಿನ ಹಾಲು, ಪೈಲ್ವಾನರು ಕುಡಿಯುವ ಎಮ್ಮೆಯ ಹಾಲು, ಈ ಮೂರರಲ್ಲಿಯೇ ಇಡೀ ಪಾಠ ಅಡಗಿದೆ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ನಮ್ಮ ಹಿರಿಯರು ಜಠರಾಗ್ನಿ ಎಂದರು. ಒಲೆಯ ಬೆಂಕಿ ಅಕ್ಕಿಯನ್ನು ಬೇಯಿಸುವಂತೆ ಹೊಟ್ಟೆಯ ಬೆಂಕಿ ಅನ್ನವನ್ನು ಬೇಯಿಸುತ್ತದೆ ಎಂಬ ತಿಳಿವಳಿಕೆ ಅದು. ಚರಕ, ಸುಶ್ರುತರ ಸಂಹಿತೆಗಳಲ್ಲಿ ಮಧುಮೇಹದ ವಿವರವಿದೆ. ಮೂತ್ರವು ಜೇನಿನಂತೆ ಸಿಹಿಯಾಗಿ ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಸಕ್ಕರೆ ಎಂಬ ಮಾತಿನ ಮೂಲ ಸಂಸ್ಕೃತದ ಶರ್ಕರಾ. ಅದರ ಅರ್ಥ ಹರಳು, ಮರಳುಕಲ್ಲು. ಆ ಶಬ್ದವೇ ಪರ್ಷಿಯಾ, ಅರಬಸ್ತಾನ ದಾಟಿ ಇಂಗ್ಲಿಷಿನವರ ಶುಗರ್ ಆಯಿತು. ಹೆಸರನ್ನು ಜಗತ್ತಿಗೆ ಕೊಟ್ಟವರು ನಾವು; ಅದು ದೇಹದೊಳಗೆ ಏನಾಗುತ್ತದೆ ಎಂಬ ಲೆಕ್ಕ ಮಾತ್ರ ಬಹುಕಾಲ ಯಾರಿಗೂ ತಿಳಿಯಲಿಲ್ಲ.

ಜೀರ್ಣಕ್ರಿಯೆಯನ್ನು ಪ್ರಯೋಗ ಮಾಡಿ ನೋಡುವ ಕೆಲಸ ಯುರೋಪಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ನಡೆಯಿತು. ಫ್ರಾನ್ಸಿನ ರೇಮ್ಯೂರ್ ಎಂಬಾತ 1752ರಲ್ಲಿ ತಾನು ಸಾಕಿದ ಹದ್ದಿಗೆ ಲೋಹದ ಸಣ್ಣ ಕೊಳವೆಯೊಳಗೆ ಮಾಂಸ ತುಂಬಿ ನುಂಗಿಸಿದ. ಹದ್ದು ಕೊಳವೆಯನ್ನು ಕಾರಿದಾಗ ಒಳಗಿನ ಮಾಂಸ ಕರಗಿತ್ತು. ಅಂದರೆ ಹೊಟ್ಟೆ ಅನ್ನವನ್ನು ಅರೆಯುವುದಷ್ಟೇ ಅಲ್ಲ, ಅಲ್ಲಿರುವ ರಸ ಅದನ್ನು ಕರಗಿಸುತ್ತದೆ ಎಂದಾಯಿತು. ಇಟಲಿಯ ಸ್ಪಲ್ಲಾಂಜಾನಿ ಬಟ್ಟೆಯ ಚೀಲದಲ್ಲಿ ಆಹಾರ ಕಟ್ಟಿ ತಾನೇ ನುಂಗಿ ಪರೀಕ್ಷಿಸಿದ. ಮುಂದೆ 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೂಲಿಕಾರನಿಗೆ ಬಂದೂಕಿನ ಗುಂಡು ತಾಗಿತು. ಅವನು ಬದುಕಿಕೊಂಡ, ಆದರೆ ಹೊಟ್ಟೆಯ ಮೇಲಿನ ತೂತು ಮುಚ್ಚಲಿಲ್ಲ. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ಡಾಕ್ಟರ್ ವಿಲಿಯಂ ಬೋಮಾಂಟ್ ಆ ತೂತಿನಲ್ಲಿ ದಾರ ಕಟ್ಟಿದ ಆಹಾರವನ್ನು ಇಳಿಬಿಟ್ಟು, ವರುಷಗಟ್ಟಲೆ ಟಿಪ್ಪಣಿ ಮಾಡಿ, 1833ರಲ್ಲಿ ಪುಸ್ತಕ ಪ್ರಕಟಿಸಿದ.

ಇವೆಲ್ಲ ಹೊಟ್ಟೆಯ ಹುಳಿರಸದ ಕಥೆಗಳು. ಮಾಂಸ, ಬೇಳೆಗಳಲ್ಲಿರುವ ಸಸಾರಜನಕಕ್ಕೆ ಅವು ಸರಿ. ಆದರೆ ರೊಟ್ಟಿಯ ಪಿಷ್ಟವನ್ನು ಒಡೆಯುವ ರಸ ಹೊಟ್ಟೆಯಲ್ಲಿ ಹುಟ್ಟುವುದೇ ಇಲ್ಲ. ರೊಟ್ಟಿಯ ಇತಿಹಾಸ ಬೇರೆ ದಾರಿಯಲ್ಲಿ ಬಂತು. ಅದು ಆರಂಭವಾದದ್ದು ಆಸ್ಪತ್ರೆಯಲ್ಲಲ್ಲ, ಸಕ್ಕರೆಯ ಅಭಾವದಲ್ಲಿ.

ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ಕಡಿಮೆಯಾಯಿತು. ಬೇರೆ ಯಾವುದರಿಂದ ಸಕ್ಕರೆ ತೆಗೆಯಬಹುದು ಎಂದು ಎಲ್ಲರೂ ಹುಡುಕತೊಡಗಿದರು. 1811ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಚಾಫ್ ಎಂಬ ರಸಾಯನತಜ್ಞ ಪಿಷ್ಟವನ್ನು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಕುದಿಸಿದ. ಗಂಜಿ ತಿಳಿಯಾಗಿ ಸಿಹಿ ಪಾಕವಾಯಿತು. ಕೆಲವೇ ವರುಷಗಳಲ್ಲಿ ಮೊಳಕೆಯೊಡೆದ ಧಾನ್ಯವೂ ಆಮ್ಲವಿಲ್ಲದೆ ಇದೇ ಕೆಲಸ ಮಾಡುತ್ತದೆ ಎಂದು ತೋರಿಸಿದ. 1831ರಲ್ಲಿ ಜರ್ಮನಿಯ ಲಾಯ್ಕ್ಸ್ ಎಂಬಾತ ಮನುಷ್ಯನ ಎಂಜಲೂ ಗಂಜಿಯನ್ನು ಸಕ್ಕರೆ ಮಾಡುತ್ತದೆ ಎಂದು ಹೇಳಿದ. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪರ್ಸೋ ಎಂಬಿಬ್ಬರು ಮೊಳಕೆಯ ಬಾರ್ಲಿಯಿಂದ ಆ ಶಕ್ತಿಯುಳ್ಳ ಪದಾರ್ಥವನ್ನೇ ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂಥ ಪದಾರ್ಥಗಳಿಗೆ ಇಂದು ನಾವು ಕಿಣ್ವ ಅಥವಾ ಎನ್‌ಜೈಮ್ ಎನ್ನುತ್ತೇವೆ. ಆ ಹೆಸರು ಬಂದದ್ದು 1870ರ ದಶಕದಲ್ಲಿ.

ಇದನ್ನು ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಇಚಲಕರಂಜಿಗೆ ಹೋದರೆ ಸಾಕು. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದಂದಿನಿಂದ ಆ ಊರು ಮಗ್ಗದ ಸದ್ದಿನ ಊರಾಯಿತು. ನೇಯುವಾಗ ಹಾಸಿನ ನೂಲು ತಿಕ್ಕಾಟಕ್ಕೆ ಹರಿಯುತ್ತದೆ. ಅದು ಹರಿಯಬಾರದೆಂದು ನೂಲಿಗೆ ಗಂಜಿ ಕುಡಿಸುತ್ತಾರೆ. ಸೈಜಿಂಗ್ ಎನ್ನುವುದು ಇದಕ್ಕೇ. ಬಟ್ಟೆ ಸಿದ್ಧವಾದ ಮೇಲೆ ಆ ಗಂಜಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬರೀ ನೀರಿಗೆ ಅದು ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಕಿಣ್ವ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕುತ್ತಾರೆ. ಆ ಕಿಣ್ವದ ಹೆಸರು ಅಮೈಲೇಸ್. ಪಯೆನ್, ಪರ್ಸೋ ಕಂಡ ಡಯಾಸ್ಟೇಸಿನ ಕುಲದ್ದೇ ಅದು. ನಮ್ಮ ಎಂಜಲಿನಲ್ಲಿರುವುದೂ ಅದೇ ಕುಲದ್ದು. ಗಂಜಿ ಹೋಯಿತೋ ಇಲ್ಲವೋ ಎಂದು ನೋಡಲು ಬಟ್ಟೆಯ ಮೇಲೆ ಅಯೋಡಿನ್ ಹನಿ ಬಿಡುತ್ತಾರೆ. ನೀಲಿಯಾದರೆ ಗಂಜಿ ಉಳಿದಿದೆ, ನೀಲಿಯಾಗದಿದ್ದರೆ ಕೆಲಸ ಮುಗಿದಿದೆ. ಶಾಲೆಯ ಮಕ್ಕಳು ಅನ್ನದ ತಿಳಿಗೆ ಎಂಜಲು ಬೆರೆಸಿ ಮಾಡುವ ಪ್ರಯೋಗವೂ ಇದೇ. ಬಟ್ಟೆಯ ಗಂಜಿ ಬಿಡಿಸುವುದೂ ರೊಟ್ಟಿ ಅರಗಿಸುವುದೂ ರಸಾಯನದ ಲೆಕ್ಕದಲ್ಲಿ ಒಂದೇ.

ಇದನ್ನು ನನ್ನ ಕೌಂಟರಿನ ಭಾಷೆಯಲ್ಲಿ ಹೇಳುವುದಾದರೆ, ಪಿಷ್ಟವೆಂಬುದು ದೊಡ್ಡ ನೋಟು. ನೂರಾರು, ಸಾವಿರಾರು ಗ್ಲೂಕೋಸ್ ಕಣಗಳು ಸರಪಳಿಯಂತೆ ಹೆಣೆದುಕೊಂಡು ಒಂದು ಪಿಷ್ಟದ ಕಣವಾಗುತ್ತದೆ. ಕರುಳೆಂಬ ಅಂಗಡಿಯವ ದೊಡ್ಡ ನೋಟು ಮುಟ್ಟುವುದಿಲ್ಲ. ಚಿಲ್ಲರೆ ತಂದವರಿಗೆ ಮಾತ್ರ ಒಳಗೆ ಪ್ರವೇಶ. ಚಿಲ್ಲರೆ ಮಾಡುವ ಕೆಲಸ ಬಾಯಿಯಲ್ಲಿ ಆರಂಭವಾಗುತ್ತದೆ. ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ನಾಲಿಗೆಗೆ ಸಣ್ಣಗೆ ಸಿಹಿ ತಾಗುವುದು ಇದೇ ಕಾರಣಕ್ಕೆ. ಹೊಟ್ಟೆಗೆ ಇಳಿದ ಮೇಲೆ ಅಲ್ಲಿಯ ಹುಳಿರಸ ಎಂಜಲಿನ ಕಿಣ್ವವನ್ನು ಕೆಡಿಸಿಬಿಡುತ್ತದೆ. ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮುಂದೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಮೇದೋಜೀರಕ ಗ್ರಂಥಿ ಕ್ಷಾರವನ್ನೂ ಹೊಸ ಅಮೈಲೇಸನ್ನೂ ಸುರಿಸುತ್ತದೆ. ದೊಡ್ಡ ಪಾಲಿನ ಕೆಲಸ ಆಗುವುದು ಅಲ್ಲಿಯೇ. ಆಗಲೂ ನೋಟು ಪೂರ್ತಿ ಚಿಲ್ಲರೆಯಾಗಿರುವುದಿಲ್ಲ. ಎರಡು ಮೂರು ಗ್ಲೂಕೋಸುಗಳ ಜೋಡಿಗಳು ಉಳಿದಿರುತ್ತವೆ. ಅವನ್ನು ಬಿಡಿಸುವುದು ಕರುಳಿನ ಗೋಡೆಯ ಮೇಲೆಯೇ ಇರುವ ಬೇರೆ ಕಿಣ್ವಗಳು.

ಈಗ ಬೆಲ್ಲಕ್ಕೆ ಬರೋಣ. ಕೊಲ್ಹಾಪುರದ ಬೆಲ್ಲದ ಹೆಸರು ಎಲ್ಲರಿಗೂ ಗೊತ್ತು. ಶಾಹೂ ಮಹಾರಾಜರು 1895ರಲ್ಲಿ ಶಾಹೂಪುರಿ ಪೇಟೆಯನ್ನು ಕಟ್ಟಿಸಿದರು. ಅದು ಬೆಲ್ಲದ ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. ಅವರ ಕಾಲದಲ್ಲಿಯೇ ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ನೀರು ಬಂದಲ್ಲಿ ಕಬ್ಬು ಬಂತು. 2014ರಲ್ಲಿ ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು.

ಗಾಣದಮನೆಯ ಮುಂದೆ ನಿಂತವರು ನೋಡಿರುತ್ತೀರಿ. ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಹೊಲಸನ್ನು ತೆಗೆಯುತ್ತಾರೆ, ಒಂದಿಷ್ಟು ಸುಣ್ಣ ಹಾಕುತ್ತಾರೆ. ಸುಣ್ಣ ಯಾಕೆ? ಕಬ್ಬಿನ ಹಾಲಿನಲ್ಲಿ ಸ್ವಾಭಾವಿಕವಾಗಿ ಹುಳಿ ಇರುತ್ತದೆ. ಸಕ್ಕರೆಯ ಒಂದು ಕಣವೆಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಹಿಡಿದು ನಿಂತ ಜೋಡಿ. ಹುಳಿಯಲ್ಲಿ ಕುದಿಸಿದರೆ ಆ ಜೋಡಿ ಬೇರೆಯಾಗುತ್ತದೆ. ಕಡಿದ ಕಬ್ಬನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟರೂ ಇದೇ ಪರಿಣಾಮ. ಜೋಡಿ ಬಿಟ್ಟ ಸಕ್ಕರೆ ಹರಳು ಕಟ್ಟುವುದಿಲ್ಲ. ಬೆಲ್ಲ ಅಂಟಂಟಾಗಿ, ಪೆಂಟೆ ನಿಲ್ಲದೆ, ಮಳೆಗಾಲದಲ್ಲಿ ಒಸರುತ್ತದೆ. ಅದಕ್ಕೇ ಗಾಣದವರು ಕಬ್ಬು ಹಳತಾಗಲು ಬಿಡುವುದಿಲ್ಲ, ಸುಣ್ಣದ ಅಳತೆ ತಪ್ಪಲು ಬಿಡುವುದಿಲ್ಲ.

ವಿಚಿತ್ರವೆಂದರೆ ಗಾಣದವ ಯಾವುದಕ್ಕೆ ಹೆದರುತ್ತಾನೋ ಅದನ್ನೇ ನಮ್ಮ ಕರುಳು ಬೇಕೆಂದು ಮಾಡುತ್ತದೆ. ಇದನ್ನು ಅರಿಯಲು ದಾರಿ ತೋರಿಸಿದವನು ಫ್ರಾನ್ಸಿನ ಕ್ಲೋಡ್ ಬರ್ನಾರ್. 1843ರಲ್ಲಿ ಅವನು ಕಬ್ಬಿನ ಸಕ್ಕರೆಯ ನೀರನ್ನು ಪ್ರಾಣಿಗಳ ರಕ್ತನಾಳಕ್ಕೆ ನೇರವಾಗಿ ಹಾಕಿ ನೋಡಿದ. ಆ ಸಕ್ಕರೆ ಬಳಕೆಯಾಗದೆ ಮೂತ್ರದಲ್ಲಿ ಹೊರಗೆ ಬಂತು. ಅಂದರೆ ನೆತ್ತರು ಕಬ್ಬಿನ ಸಕ್ಕರೆಯ ಗುರುತನ್ನೇ ಹಿಡಿಯುವುದಿಲ್ಲ! ಕರುಳಿನ ಗೋಡೆಯ ಮೇಲಿನ ಸುಕ್ರೇಸ್ ಎಂಬ ಕಿಣ್ವ ಜೋಡಿಯನ್ನು ಬಿಡಿಸಿ ಗ್ಲೂಕೋಸು, ಫ್ರಕ್ಟೋಸು ಮಾಡಿದ ಮೇಲೆಯೇ ಅದು ದೇಹಕ್ಕೆ ಒದಗುವುದು.

ಸಂತೆಯ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೆಲ್ಲದಲ್ಲಿ ನೂರಕ್ಕೆ 65ರಿಂದ 85 ಭಾಗ ಇದೇ ಕಬ್ಬಿನ ಸಕ್ಕರೆ. ಅದರ ಜೊತೆಗೆ ಆಗಲೇ ಜೋಡಿ ಬಿಟ್ಟ ಗ್ಲೂಕೋಸು, ಫ್ರಕ್ಟೋಸೂ ಇರುತ್ತವೆ. ಉಳಿದದ್ದು ನೀರು, ಖನಿಜ, ಪರಿಮಳ. ಪರಿಮಳ ನಮ್ಮ ಅಭಿಮಾನ, ಖನಿಜ ಒಳ್ಳೆಯದು. ಆದರೆ ಕರುಳಿನ ಸುಕ್ರೇಸಿಗೆ ಇದು ಗಾಣದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಭೇದವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಸಕ್ಕರೆಯೇ. ಕೊಲ್ಹಾಪುರದವನಾಗಿ ಇದನ್ನು ಹೇಳುವುದು ನನಗೂ ಕಷ್ಟ. ಆದರೂ ಲೆಕ್ಕ ಲೆಕ್ಕವೇ.

ಮೂರನೆಯದು ಹಾಲು. ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಸಿದ್ಧವಾಯಿತು. ತಾಲೀಮಿನ ಪೈಲ್ವಾನರಿಗೆ ಹಾಲು, ಬಾದಾಮಿ, ತುಪ್ಪವೇ ಬಲ. ಗಂಗಾವೇಸಿನ ಹಾಲಿನ ಕಟ್ಟೆಯಲ್ಲಿ ಎಮ್ಮೆ ನಿಲ್ಲಿಸಿ ಕಣ್ಣೆದುರು ಕರೆದ ನೊರೆಹಾಲನ್ನು ನಿಂತಲ್ಲೇ ಕುಡಿಯುವ ರೂಢಿ ಕೊಲ್ಹಾಪುರದ್ದು. ಆದರೆ ಒಬ್ಬರು ಲೀಟರ್ ಕುಡಿದು ಜೀರ್ಣಿಸಿಕೊಂಡರೆ, ಇನ್ನೊಬ್ಬರಿಗೆ ಒಂದು ಲೋಟಕ್ಕೆ ಹೊಟ್ಟೆ ಗುಡುಗುಡು ಎನ್ನುತ್ತದೆ. ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಬಿಡಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಎಲ್ಲ ಕೂಸುಗಳಿಗೂ ಇರುತ್ತದೆ. ದೊಡ್ಡವರಾಗುತ್ತ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರದು ಇದೇ ಸ್ಥಿತಿ ಎಂದು 1960ರ ದಶಕದಿಂದೀಚೆಗೆ ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಗಾಳಿ ತುಂಬುತ್ತದೆ. ಇದು ರೋಗವೂ ಅಲ್ಲ, ದುರ್ಬಲತೆಯೂ ಅಲ್ಲ. ಹಾಲನ್ನು ಹೆಪ್ಪು ಹಾಕಿದಾಗ ಮೊಸರಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದಿಷ್ಟು ಪಾಲನ್ನು ಮೊದಲೇ ತಿಂದಿರುತ್ತವೆ. ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುವುದು ಈ ಕಾರಣಕ್ಕೆ.

ಹೀಗೆ ಗಂಜಿ, ಬೆಲ್ಲ, ಹಾಲು ಮೂರೂ ಚಿಲ್ಲರೆಯಾದವು. ಇನ್ನು ಚಿಲ್ಲರೆ ಒಳಗೆ ಹೋಗಬೇಕು, ಖಜಾನೆ ಸೇರಬೇಕು. ಇತಿಹಾಸದಲ್ಲಿ ಮಾತ್ರ ಕ್ರಮ ತಿರುಗುಮುರುಗಾಯಿತು. ವಿಜ್ಞಾನಿಗಳಿಗೆ ಮೊದಲು ಸಿಕ್ಕಿದ್ದು ಖಜಾನೆ. ಬಾಗಿಲು ಸಿಕ್ಕಿದ್ದು ಬಹಳ ತಡವಾಗಿ.

ಖಜಾನೆ ಕಂಡವನೂ ಕ್ಲೋಡ್ ಬರ್ನಾರನೇ. ಸಕ್ಕರೆ ಮಾಡುವ ಶಕ್ತಿ ಗಿಡಗಳಿಗೆ ಮಾತ್ರ ಉಂಟು, ಪ್ರಾಣಿಗಳಿಗೆ ಇಲ್ಲವೆಂದು ಆಗ ಎಲ್ಲರೂ ನಂಬಿದ್ದರು. ಯಕೃತ್ತಿನಿಂದ ಹೊರಡುವ ರಕ್ತದಲ್ಲಿ, ಸಕ್ಕರೆ ತಿನ್ನದ ಪ್ರಾಣಿಯಲ್ಲೂ ಸಕ್ಕರೆ ಇರುವುದನ್ನು 1848ರಲ್ಲಿ ಅವನು ಕಂಡ. 1857ರಲ್ಲಿ ಯಕೃತ್ತಿನಿಂದ ಗ್ಲೈಕೋಜನ್ ಎಂಬ ಪದಾರ್ಥವನ್ನು ಬೇರ್ಪಡಿಸಿದ. ಅದು ಪ್ರಾಣಿಗಳ ಪಿಷ್ಟ. ಕರುಳಿನಿಂದ ಬಂದ ಗ್ಲೂಕೋಸನ್ನು ಯಕೃತ್ತು ಮತ್ತೆ ಸರಪಳಿ ಹೆಣೆದು ಜಮಾ ಮಾಡಿಕೊಳ್ಳುತ್ತದೆ. ಉಪವಾಸದ ಹೊತ್ತಿಗೆ ಬಿಡಿಸಿ ಕೊಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಹೀಗೆ ಜಮೆಯಾಗಿರುತ್ತದೆ. ಆರೋಗ್ಯವಂತನ ಇಡೀ ಮೈಯ ರಕ್ತದಲ್ಲಿ ಓಡಾಡುವ ಗ್ಲೂಕೋಸು ಮಾತ್ರ 4-5 ಗ್ರಾಂ, ಒಂದು ಚಹಾ ಚಮಚೆಯಷ್ಟು. ಬ್ಯಾಂಕಿನಲ್ಲಿ ಕೌಂಟರಿನ ಮೇಲೆ ಸ್ವಲ್ಪ, ತಿಜೋರಿಯಲ್ಲಿ ಹೆಚ್ಚು ಇಡುವ ಪದ್ಧತಿಯೇ ಇಲ್ಲೂ ಇದೆ.

ಈ ಜಮಾ ಖರ್ಚಿಗೆ ಸಹಿ ಹಾಕುವ ಅಧಿಕಾರಿ ಇನ್ಸುಲಿನ್. 1889ರಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಕೊಡಲಾಯಿತು. ಸಹಿ ಹಾಕುವವರು ಇಲ್ಲದಿದ್ದರೆ, ಅಥವಾ ಸಹಿಯನ್ನು ಯಾರೂ ಮನ್ನಿಸದಿದ್ದರೆ, ಬಂದ ಸಕ್ಕರೆ ಒಳಗೆ ಜಮೆಯಾಗದೆ ರಕ್ತದಲ್ಲಿಯೇ ನಿಲ್ಲುತ್ತದೆ. ರೊಟ್ಟಿ ಮಾತ್ರ ತಿಂದವರಿಗೂ ಸಕ್ಕರೆ ಏರುವುದು ಹೀಗೆ. 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇರುತ್ತದೆ. ಅದು ಚಿಲ್ಲರೆಯಾದರೆ ಗ್ಲೂಕೋಸು.

ಹಾಗೆಂದು ರೊಟ್ಟಿಯೂ ಸಕ್ಕರೆಯೂ ಒಂದೇ ಎಂದು ತಿಳಿಯಬಾರದು. ಮೊತ್ತದಷ್ಟೇ ಮುಖ್ಯ ವೇಗ. 1981ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ, ಎಷ್ಟು ಮೇಲಕ್ಕೆ ಏರಿಸುತ್ತವೆ ಎಂದು ಅಳೆದು ಒಂದು ಸೂಚ್ಯಂಕ ಮಾಡಿದರು. ನಾರು ಇರುವ ಕಾಳು, ಬೇಳೆ ನಿಧಾನ. ಮೈದಾ, ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿ ಬೇಗ. ಗಡಹಿಂಗ್ಲಜ ಕಡೆಯ ನಮ್ಮ ಹಳೆಯ ಊಟವನ್ನು ನೆನೆಯಿರಿ: ಜೋಳದ ರೊಟ್ಟಿ, ಜೊತೆಗೆ ಕಾಳಿನ ಪಲ್ಯ ಅಥವಾ ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಕಾಳು, ಎಣ್ಣೆ, ನಾರು ಕೂಡಿದಾಗ ಹೊಟ್ಟೆಯಿಂದ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ, ಚಿಲ್ಲರೆ ಒಮ್ಮೆಲೇ ಸುರಿಯುವುದಿಲ್ಲ. ಸಂತೆಯಲ್ಲಿ ಕೇಳಿದ ಹಿರಿಯರಿಗೆ ನಾನು ಹೇಳುವುದಿಷ್ಟೇ: ರೊಟ್ಟಿ ಬಿಡಬೇಡಿರಿ, ಎಷ್ಟು ರೊಟ್ಟಿ ಎಂಬುದನ್ನು ಡಾಕ್ಟರರನ್ನು ಕೇಳಿ ಎಣಿಸಿರಿ, ಜೊತೆಗೆ ಕಾಳು ಬಿಡಬೇಡಿರಿ.

ಇನ್ನು ಉಳಿದದ್ದು ಬಾಗಿಲು. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅದರ ಒಳಮೈ ನುಣುಪಾಗಿಲ್ಲ. ಟರ್ಕಿ ಟವೆಲ್ಲಿನಂತೆ ಎಳೆಎಳೆಯಾಗಿದೆ. ಆ ಎಳೆಗಳ ಮೇಲೆ ಇನ್ನೂ ಸೂಕ್ಷ್ಮವಾದ ಕುಂಚದಂಥ ಎಳೆಗಳಿವೆ. ಇವನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು, ಇಡೀ ಜೀರ್ಣನಾಳ ಸೇರಿ ಸುಮಾರು 30 ಚದರ ಮೀಟರ್ ಎಂದರು. ಅದೂ ಕಡಿಮೆಯೇನಲ್ಲ. ಸುಕ್ರೇಸ್, ಲ್ಯಾಕ್ಟೇಸ್ ಮುಂತಾದ ಕಿಣ್ವಗಳು ಕರುಳಿನ ರಸದಲ್ಲಿ ತೇಲುತ್ತಿಲ್ಲ, ಈ ಕುಂಚದ ಮೇಲೆಯೇ ಅಂಟಿಕೊಂಡಿವೆ ಎಂಬುದನ್ನು 1961ರಲ್ಲಿ ಮಿಲ್ಲರ್ ಮತ್ತು ಕ್ರೇನ್ ತೋರಿಸಿದರು.

ಆದರೆ ಕುಂಚದ ಮೇಲೆ ನಿಂತ ಗ್ಲೂಕೋಸು ಒಳಗೆ ಹೋಗುವುದು ಹೇಗೆ? ಅದು ಸುಮ್ಮನೆ ಸೋಸಿ ಹೋಗುವುದಿಲ್ಲ ಎಂಬುದು ಗೊತ್ತಿತ್ತು. ಉತ್ತರ ಕೊಟ್ಟವನು ಅಮೆರಿಕದ ರಾಬರ್ಟ್ ಕ್ರೇನ್. 1960ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದ ಒಂದು ಸಮ್ಮೇಳನದಲ್ಲಿ ಅವನು ತನ್ನ ವಿಚಾರವನ್ನು ಮಂಡಿಸಿದ. ಗ್ಲೂಕೋಸು ಒಂಟಿಯಾಗಿ ಬಾಗಿಲು ದಾಟುವುದಿಲ್ಲ, ಉಪ್ಪಿನಲ್ಲಿರುವ ಸೋಡಿಯಂ ಜೊತೆಗಿದ್ದರೆ ಮಾತ್ರ ದಾಟುತ್ತದೆ ಎಂಬುದೇ ಆ ವಿಚಾರ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರರ ಹತ್ತಿರ, ಇನ್ನೊಂದು ಹೆಡ್ ಕ್ಯಾಶಿಯರರ ಹತ್ತಿರ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯದು. ಕರುಳಿನ ಬಾಗಿಲಿಗೂ ಸಕ್ಕರೆ ಒಂದು ಕೀಲಿ, ಉಪ್ಪು ಒಂದು ಕೀಲಿ. ಇವೆರಡೂ ಒಳಗೆ ಹೋದಾಗ ಅವುಗಳ ಹಿಂದೆ ನೀರೂ ಹೋಗುತ್ತದೆ. 1987ರಲ್ಲಿ ಈ ಬಾಗಿಲಿನ ಸಸಾರಜನಕದ ರಚನೆಯನ್ನು ಅದರ ಜೀನ್ ಮೂಲಕ ಗುರುತಿಸಲಾಯಿತು. ಹಾಲಿನಿಂದ ಬಂದ ಗ್ಯಾಲಕ್ಟೋಸಿಗೂ ಇದೇ ಬಾಗಿಲು. ಫ್ರಕ್ಟೋಸಿಗೆ ಮಾತ್ರ ಬೇರೆ ಬಾಗಿಲಿದೆ.

ಈ ಮಾತು ಕೇಳಲು ಪುಸ್ತಕದ ಸಂಗತಿಯಂತೆ ಇದೆ. ಆದರೆ ಇದರ ಮೇಲೆ ಎಷ್ಟೋ ಮನೆಗಳ ಕೂಸುಗಳ ಪ್ರಾಣ ನಿಂತಿತ್ತು. ನಮ್ಮ ಮನೆಯದೂ ಹೌದು. 1968ರ ಬೇಸಿಗೆಯಲ್ಲಿ ನನ್ನ ತಮ್ಮನಿಗೆ ವಾಂತಿಭೇದಿ ಹತ್ತಿತು. ನನಗಾಗ ಒಂಬತ್ತು ವರುಷ, ಅವನಿಗೆ ಎರಡು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಹೊಟ್ಟೆಗೆ ಏನೂ ಹಾಕಬೇಡಿರಿ ಎಂಬುದು ಆಗ ಎಲ್ಲ ಹಿರಿಯರ ಮಾತು. ಕೂಸು ನೀರಿಗೆ ಕೈ ಚಾಚುತ್ತಿತ್ತು. ಅವ್ವ ತಂಬಿಗೆಯನ್ನು ಮಾಡದಲ್ಲಿಟ್ಟು ಸೆರಗಿನಿಂದ ಅದರ ತುಟಿ ಒರಸುತ್ತಿದ್ದಳು. ಎರಡನೆಯ ದಿನ ಸಂಜೆಗೆ ಕೂಸು ಹೋಯಿತು. ಅಂದು ಯಾರೂ ತಪ್ಪು ಮಾಡಲಿಲ್ಲ; ತಿಳಿದದ್ದನ್ನೇ ಮಾಡಿದರು. ಮನೆಯಲ್ಲಿ ಉಪ್ಪೂ ಇತ್ತು, ಬೆಲ್ಲವೂ ಇತ್ತು, ನೀರೂ ಇತ್ತು.

ಅದೇ 1968ರಲ್ಲಿ ಢಾಕಾ ನಗರದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು, ಕಾಲರಾ ರೋಗಿಗಳಿಗೆ ಗ್ಲೂಕೋಸು ಮತ್ತು ಲವಣ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ಉಳಿಸಬಹುದೆಂದು ತೋರಿಸುತ್ತಿದ್ದರು. ಕಾಲರಾ ಬಂದಾಗಲೂ ಕರುಳಿನ ಆ ಜೋಡಿ ಕೀಲಿಯ ಬಾಗಿಲು ಕೆಟ್ಟಿರುವುದಿಲ್ಲ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪುನೀರಷ್ಟೇ ಕುಡಿಸಿದರೂ ಸಾಲದು. ಸಕ್ಕರೆಯೂ ಉಪ್ಪೂ ಕೂಡಿದರೆ ನೀರು ಮೈಗೆ ಹತ್ತುತ್ತದೆ.

ಇದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿ. 1971ರ ಬಾಂಗ್ಲಾ ಯುದ್ಧದ ಕಾಲಕ್ಕೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಲಕ್ಕೆ ಬಂದರು. ಬೊನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಕಲಕತ್ತೆಯ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಒಂದು ಧೈರ್ಯ ಮಾಡಿದರು. 1 ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಅಡಿಗೆ ಉಪ್ಪು, ಎರಡೂವರೆ ಗ್ರಾಂ ಅಡಿಗೆ ಸೋಡಾ ಎಂಬ ಅಳತೆಯಲ್ಲಿ ಪೊಟ್ಟಣ ಕಟ್ಟಿಸಿ, ಡ್ರಮ್ಮಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ಪದ್ಧತಿ ನಡೆಸಿದ ಕಡೆ 4ಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ, ಸಕ್ಕರೆ ಉಪ್ಪುಗಳ ಈ ಕೂಡುನಡೆಯ ಶೋಧ ಈ ಶತಮಾನದ ವೈದ್ಯಕೀಯದಲ್ಲಿ ಬಹುಶಃ ಅತಿ ಮಹತ್ವದ್ದು ಎಂಬ ಅಭಿಪ್ರಾಯ ಬರೆಯಿತು. ಮಹಲನಬಿಸ್ ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಸರಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು.

ಇಂದು ಆಶಾ ಕಾರ್ಯಕರ್ತೆಯರ ಹತ್ತಿರ, ಆರೋಗ್ಯ ಕೇಂದ್ರದಲ್ಲಿ, ಔಷಧ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಇದೇ ಶೋಧದ ಫಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಳತೆಯನ್ನು ಪರಿಷ್ಕರಿಸಿ ಗ್ಲೂಕೋಸನ್ನು 13.5 ಗ್ರಾಮಿಗೆ, ಉಪ್ಪನ್ನು 2.6 ಗ್ರಾಮಿಗೆ ಇಳಿಸಿತು. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಹಾಕಬೇಕು. ಪೊಟ್ಟಣ ಇಲ್ಲದ ಹೊತ್ತಿನಲ್ಲಿ, 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮತಟ್ಟು ಚಹಾ ಚಮಚೆ ಸಕ್ಕರೆ, ಅರ್ಧ ಸಮತಟ್ಟು ಚಹಾ ಚಮಚೆ ಉಪ್ಪು. ಅಳತೆ ಮುಖ್ಯ. ಸಿಹಿ ಹೆಚ್ಚಾದರೆ ಅದು ಮೈಯಿಂದ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಗುಟುಕು ಗುಟುಕಾಗಿ, ಚಮಚೆ ಚಮಚೆಯಾಗಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಡಾಕ್ಟರು ಕೊಡುವ ಸತುವಿನ ಗುಳಿಗೆ ನಡುವೆ ಬಿಡಬಾರದು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಕೂಸು ಮಂಪರಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿಸುತ್ತಲೇ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಶ್ರೋತೃ ಬಾಂಧವರೆ, ಹದ್ದಿಗೆ ನುಂಗಿಸಿದ ಕೊಳವೆಯಿಂದ ಬೊನಗಾಂವದ ಡ್ರಮ್ಮಿನ ತನಕ ಈ ಇತಿಹಾಸ ಇನ್ನೂರು ವರುಷಕ್ಕೂ ಹೆಚ್ಚಿನದು. ಇದರಲ್ಲಿ ರಷ್ಯದವರಿದ್ದಾರೆ, ಫ್ರಾನ್ಸಿನವರಿದ್ದಾರೆ, ಬಂಗಾಲದವರಿದ್ದಾರೆ. ನಮ್ಮ ಗಾಣದವರು, ಸೈಜಿಂಗಿನವರು ಇದೇ ರಸಾಯನವನ್ನು ದಿನವೂ ಕೈಯಲ್ಲಿ ಹಿಡಿದಿದ್ದಾರೆ. ಎಲ್ಲಕ್ಕಿಂತ ಕೊನೆಗೆ ತಿಳಿದ ಸಂಗತಿಯೇ ಎಲ್ಲಕ್ಕಿಂತ ಅಗ್ಗದ್ದು. ಅದಕ್ಕೆ ಬೇಕಾದದ್ದು ನಮ್ಮ ಅಡಿಗೆಮನೆಯ ಎರಡು ಡಬ್ಬಿ ಮತ್ತು ಒಂದು ಚಮಚೆ. ಈ ಮಳೆಗಾಲದಲ್ಲಿ ಪಂಚಗಂಗೆ, ಹಿರಣ್ಯಕೇಶಿಯ ನೀರು ಕೆಂಪಾಗಿ ಹರಿಯುವಾಗ, ನಿಮ್ಮ ಓಣಿಯಲ್ಲಿ ಯಾವ ಕೂಸಿಗಾದರೂ ಭೇದಿ ಹತ್ತಿ, ಅಲ್ಲಿಯ ಅಜ್ಜಿ ನೀರು ಕೊಡಬ್ಯಾಡ್ರಿ ಎಂದರೆ, ಅವರ ಹತ್ತಿರ ಕುಳಿತು ಎರಡು ಕೀಲಿಯ ಈ ಕಥೆಯನ್ನು ಸಮಾಧಾನದಿಂದ ಹೇಳಿರಿ. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ.